ಯೋಧನ ಮನೆಗೊಂದು ಮುಯ್ಯಿ

ಡಿಸೆಂಬರ್ 7 ಬಂತೆಂದರೆ ಸರ್ಕಾರಿ ಕಚೇರಿಗಳಲ್ಲಿ, ಶಾಲೆ ಕಾಲೇಜುಗಳಲ್ಲಿ ಪುಟ್ಟದೊಂದು ಕಾಗದದ ಧ್ವಜ ಕಾಣಿಸಿಕೊಳ್ಳುತ್ತದೆ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಅದರ ಮೂರು ಪಟ್ಟೆಗಳು ಭೂಸೇನೆ, ನೌಕಾಪಡೆ ಹಾಗೂ ವಾಯುಪಡೆಯ ಗುರುತು. ಹುಂಡಿಗೆ ಕೈಲಾದಷ್ಟು ಹಣ ಹಾಕಿದವರ ಅಂಗಿಯ ಮೇಲೆ ಅದು ಸಂಜೆಯವರೆಗೆ ಇರುತ್ತದೆ. ಸ್ವಾತಂತ್ರ್ಯ ಬಂದು ಎರಡು ವರ್ಷಗಳಾದ ಮೇಲೆ, 1949ರ ಆಗಸ್ಟ್ 28ರಂದು, ರಕ್ಷಣಾ ಸಚಿವರ ಸಮಿತಿಯೊಂದು ಪ್ರತಿವರ್ಷ ಹೀಗೆ ಧ್ವಜ ದಿನ ಆಚರಿಸಲು ನಿರ್ಧರಿಸಿತು. ಕೂಡಿಬಂದ ಹಣ ಯುದ್ಧದಲ್ಲಿ ಮಡಿದವರ ಕುಟುಂಬಗಳಿಗೆ, ಅಂಗವಿಕಲರಾದ ಯೋಧರಿಗೆ, ಮಾಜಿ ಸೈನಿಕರ ಪುನರ್ವಸತಿಗೆ ಸೇರಬೇಕೆಂಬುದು ಉದ್ದೇಶ. ಬೇರೆ ಬೇರೆ ಹೆಸರಿನಲ್ಲಿದ್ದ ಹಲವು ಕಲ್ಯಾಣ ನಿಧಿಗಳು 1993ರಲ್ಲಿ ಒಂದೇ ಧ್ವಜ ದಿನ ನಿಧಿಯಾದವು.

ಸೈನಿಕರಿಗೆ ಜನಸಾಮಾನ್ಯರು ತೋರುವ ಸಣ್ಣ ಉಪಕಾರಗಳಲ್ಲಿ ಸರ್ಕಾರದ ಮುದ್ರೆ ಬಿದ್ದದ್ದು ಇದು. ಆದರೆ ಇದಕ್ಕಿಂತ ಹಳೆಯ, ಯಾವ ಮುದ್ರೆಯೂ ಇಲ್ಲದ ಉಪಕಾರಗಳು ಬೇಕಾದಷ್ಟಿವೆ. ಅವು ನಡೆಯುವುದು ಯೋಧ ಕಾವಲು ನಿಂತ ಗಡಿಯಲ್ಲಿ ಅಲ್ಲ, ಆತ ಬಿಟ್ಟುಹೋದ ಊರಿನಲ್ಲಿ. ಅವನಿಗೆ ನಿಜವಾಗಿ ಬೇಕಿರುವುದು ಯಾವುದು ಎಂದು ತಿಳಿಯಬೇಕಾದರೆ ಆ ಊರನ್ನೇ ನೋಡಬೇಕು.

ಇಲ್ಲದವನ ಹೊಲ

ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ತಾವರಗೇರಾ ಒಂದು ಹೋಬಳಿ ಕೇಂದ್ರ. ಸುತ್ತ ಮಳೆಯನ್ನೇ ನಂಬಿದ ಮಸಾರಿ ಮತ್ತು ಎರೆ ಹೊಲಗಳು. ಸಜ್ಜೆ, ಜೋಳ, ತೊಗರಿ, ಶೇಂಗಾ ಇಲ್ಲಿಯ ಬೆಳೆ. ಮಳೆ ಕೈಕೊಟ್ಟ ವರ್ಷ ದುಡಿಮೆ ಹುಡುಕಿಕೊಂಡು ದೂರ ಹೋಗುವುದು ಈ ಸೀಮೆಗೆ ಹೊಸದಲ್ಲ. ಸೇನೆಯ ನೌಕರಿಯೂ ಹಾಗೆ ದೂರ ಕರೆದೊಯ್ಯುವ ದಾರಿಗಳಲ್ಲೊಂದು. ಕೊಪ್ಪಳ, ರಾಯಚೂರು, ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಯುವಕರ ಸೇನಾ ನೇಮಕಾತಿ ಬೆಳಗಾವಿ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಕರ್ನಾಟಕದ ಸೈನಿಕ ಎಂದೊಡನೆ ಕೊಡಗು ಕಣ್ಣಮುಂದೆ ಬರುವುದು ಸಹಜ. ಕಾರ್ಯಪ್ಪ, ತಿಮ್ಮಯ್ಯ ಅವರ ಕೀರ್ತಿ ಅಂಥದು. 1990ರಲ್ಲಿ ತೆರೆಕಂಡ ‘ಮುತ್ತಿನ ಹಾರ’ ಚಿತ್ರವೂ ಆ ಚಿತ್ರಣವನ್ನು ಗಟ್ಟಿಗೊಳಿಸಿತು. ಆದರೆ ಬಯಲುಸೀಮೆಯ ಒಕ್ಕಲು ಮನೆಗಳಿಂದ ಹೋದ ಸಿಪಾಯಿಗಳ ಸಂಖ್ಯೆಯೂ ಸಣ್ಣದಲ್ಲ. ಊರವರ ಬಾಯಲ್ಲಿ ಅಂಥ ಮನೆಗೆ ‘ಮಿಲ್ಟ್ರಿಯವರ ಮನಿ’ ಎಂದೇ ಹೆಸರು.

ಸೇನೆಯ ಸಿಪಾಯಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಅಷ್ಟೂ ದೊರೆತರೂ ಉಳಿದ 275 ದಿನ ಆತ ಊರಲ್ಲಿ ಇರುವುದಿಲ್ಲ. ಜಮ್ಮುವಿನಿಂದ ಹೊರಟವನಿಗೆ ಈ ಕಡೆ ಮುಟ್ಟಲು ರೈಲಿನಲ್ಲೇ ಎರಡು ದಿನಕ್ಕೂ ಹೆಚ್ಚು ಬೇಕು. ಕುಷ್ಟಗಿ ಪಟ್ಟಣಕ್ಕೆ ರೈಲು ಬಂದದ್ದೇ 2025ರಲ್ಲಿ. ಅಲ್ಲಿಯವರೆಗೆ ಕೊಪ್ಪಳದಲ್ಲಿಯೋ ಹೊಸಪೇಟೆಯಲ್ಲಿಯೋ ಇಳಿದು ಟ್ರಂಕು ಹೊತ್ತು ಬಸ್ ಹಿಡಿಯಬೇಕಿತ್ತು. ಮುಂಗಾರಿನ ಬಿತ್ತನೆಗೆ ರಜೆ ಸಿಕ್ಕರೆ ಸುಗ್ಗಿಗೆ ಇಲ್ಲ, ಸುಗ್ಗಿಗೆ ಸಿಕ್ಕರೆ ತಂಗಿಯ ಮದುವೆಗೆ ಇಲ್ಲ.

ಬೇಸಾಯದ ಬದುಕಿನಲ್ಲಿ ಈ ಗೈರುಹಾಜರಿಗೆ ವಿಶೇಷ ಅರ್ಥವಿದೆ. ಈ ಭಾಗದ ಒಕ್ಕಲುತನ ಹಿಂದಿನಿಂದಲೂ ನಿಂತದ್ದು ಮುಯ್ಯಾಳಿನ ಮೇಲೆ. ಬಿತ್ತಿಗೆ, ಕಳೆಗೆ, ರಾಶಿಗೆ ಇಂದು ನಾಲ್ಕು ಜನ ನಮ್ಮ ಹೊಲಕ್ಕೆ ಬಂದರೆ ನಾಳೆ ನಾವು ಅವರ ಹೊಲಕ್ಕೆ ಹೋಗಬೇಕು. ಮದುವೆಯ ಉಡುಗೊರೆಯೂ ಹೀಗೆಯೇ. ಯಾರು ಏನು ಕೊಟ್ಟರೆಂದು ಬರೆದಿಟ್ಟು, ಅವರ ಮನೆಯ ಕಾರ್ಯದಲ್ಲಿ ತಿರುಗಿಸುತ್ತಾರೆ. ಮುಯ್ಯಿ ಎಂದರೆ ದಾನವಲ್ಲ, ಲೆಕ್ಕ. ಕೊಟ್ಟದ್ದು ತಿರುಗಿ ಬರಲೇಬೇಕು.

ಈ ಲೆಕ್ಕದಲ್ಲಿ ಯೋಧನ ಮನೆ ಯಾವಾಗಲೂ ಬಾಕಿದಾರ. ಮನೆಯ ಗಟ್ಟಿ ಆಳೇ ಊರಲ್ಲಿಲ್ಲ; ಮುಯ್ಯಿ ತೀರಿಸಲು ಹೋಗುವವರು ಯಾರು? ಕೂಲಿ ಕೊಟ್ಟು ಕೆಲಸ ಮಾಡಿಸಬಹುದು ನಿಜ. ಆದರೆ ರಾತ್ರಿ ಮಳೆ ಸುರಿದು ಒಡ್ಡು ಒಡೆದಾಗ, ಎತ್ತಿಗೆ ಜಡ್ಡಾದಾಗ, ಮುದುಕ ತಂದೆಗೆ ಎದೆನೋವು ಬಂದು ತಾಲ್ಲೂಕಿನ ಆಸ್ಪತ್ರೆಗೆ ಒಯ್ಯಬೇಕಾದಾಗ ಕೂಲಿಯ ಲೆಕ್ಕ ನಡೆಯದು. ಆಗ ಓಡಿಬರುವ ನೆರೆಯವರು ತಿರುಗಿ ಬಾರದ ಮುಯ್ಯಿ ಮಾಡುತ್ತಿರುತ್ತಾರೆ. ಸೈನಿಕನಿಗೆ ಸಲ್ಲುವ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಇದನ್ನು ಯಾರೂ ಉಪಕಾರವೆಂದು ಕರೆಯುವುದೂ ಇಲ್ಲ.

ಜೋಳವಾಳಿಯಿಂದ ನೆತ್ತರುಗೊಡಗೆಗೆ

ಯೋಧ ಮತ್ತು ಊರಿನ ನಡುವೆ ಒಂದು ಲೆಕ್ಕವಿದೆ ಎಂಬ ತಿಳಿವಳಿಕೆ ಕನ್ನಡ ನಾಡಿಗೆ ಸಾವಿರ ವರ್ಷಕ್ಕೂ ಹಳೆಯದು. ಹಳಗನ್ನಡದಲ್ಲಿ ಇದಕ್ಕೆ ‘ಜೋಳವಾಳಿ’ ಎಂಬ ಮಾತಿದೆ. ಒಡೆಯನ ಜೋಳ ಉಂಡವನು ಹೊತ್ತು ಬಂದಾಗ ಅವನಿಗಾಗಿ ಕಾದಾಡಿ ಋಣ ತೀರಿಸಬೇಕು ಎಂಬುದು ಅದರ ಅರ್ಥ. ಕ್ರಿ.ಶ. 941ರ ಪಂಪಭಾರತದಲ್ಲಿ ಕರ್ಣ ದುರ್ಯೋಧನನ ಪಕ್ಷ ಬಿಡದಿರುವುದಕ್ಕೂ ಈ ಜೋಳದ ಪಾಳಿಯೇ ಕಾರಣ. ಅನ್ನದ ಋಣ ಎಂಬ ಇಂದಿನ ಮಾತಿಗೆ ಇದು ಹಿರಿಯಜ್ಜ.

ಇದು ಯೋಧನ ಕಡೆಯ ಲೆಕ್ಕವಾಯಿತು. ನಾಡಿನ ಕಡೆಯಿಂದಲೂ ಒಂದು ಲೆಕ್ಕವಿತ್ತು. ಶಾಸನಗಳಲ್ಲಿ ಅದಕ್ಕೆ ಮೂರು ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ. ಗೆದ್ದು ಬಂದ ವೀರನ ಕತ್ತಿ ತೊಳೆದು ಕೊಡುವ ಭೂಮಿ ‘ಬಾಳ್ಗಚ್ಚು’. ವೀರಕಾರ್ಯದ ನೆನಪಿಗೆ ಕಲ್ಲು ನೆಟ್ಟು ಬಿಡುವ ಭೂಮಿ ‘ಕಲ್ನಾಡು’. ನೆತ್ತರು ಸುರಿಸಿ ಸತ್ತವನ ಮನೆಯವರಿಗೆ ಕೊಡುವ ಭೂಮಿ ‘ನೆತ್ತರುಗೊಡಗೆ’.

ಉದಾಹರಣೆಗೆ, ಮಂಡ್ಯ ಜಿಲ್ಲೆ ಮದ್ದೂರು ಬಳಿಯ ಆತಕೂರಿನ ಪ್ರಸಿದ್ಧ ಶಾಸನ. ರಾಷ್ಟ್ರಕೂಟ ಮೂರನೆಯ ಕೃಷ್ಣ ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದಾಗ ಗಂಗರ ಬೂತುಗನ ಜೊತೆ ಕಾದಿದ ಮಣಲೇರ ಎಂಬ ವೀರನ ಕತೆ ಅದು. ಮೆಚ್ಚಿದ ದೊರೆ ಏನು ಬೇಕೆಂದು ಕೇಳಿದಾಗ ಮಣಲೇರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಂದಿಗೆ ಸೆಣಸಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಲಾಯಿತು. ಮಣಲೇರನಿಗೆ ಬೂತುಗ ಆತಕೂರು ಹನ್ನೆರಡನ್ನೂ ಬೆಳ್ವೊಲ ನಾಡಿನ ಒಂದು ಊರನ್ನೂ ಬಾಳ್ಗಚ್ಚಾಗಿ ಕೊಟ್ಟ. ಬೆಳ್ವೊಲವೆಂದರೆ ಇಂದಿನ ಗದಗ ಹಾಗೂ ಕೊಪ್ಪಳ ಜಿಲ್ಲೆಗಳ ಕೆಲ ಭಾಗ ಸೇರಿದ್ದ ನಾಡು. ಇನ್ನು ಬೆಂಗಳೂರು ಬಳಿಯ ಬೇಗೂರಿನ ವೀರಗಲ್ಲು ಕ್ರಿ.ಶ. 900ರ ಆಸುಪಾಸಿನದು. ಕಾಳಗದಲ್ಲಿ ನಾಗತ್ತರ ಬಿದ್ದ ಬಳಿಕ ಅವನ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ, ಬೇಗೂರು ಸೀಮೆಯ ಊರುಗಳನ್ನು ಕಲ್ನಾಡಾಗಿ ಕೊಟ್ಟ ಸಂಗತಿಯನ್ನು ಅದು ದಾಖಲಿಸಿದೆ.

ಕೊಪ್ಪಳ ಸೀಮೆಯಲ್ಲೂ ಯೋಧರ ಗುರುತುಗಳಿಗೆ ಕೊರತೆಯಿಲ್ಲ. ‘ದೇವಾಲಯ ಚಕ್ರವರ್ತಿ’ ಎನಿಸಿಕೊಂಡ ಇಟಗಿಯ ಮಹಾದೇವ ಗುಡಿಯನ್ನು ಕ್ರಿ.ಶ. 1112ರಲ್ಲಿ ಕಟ್ಟಿಸಿದವನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಗಂಗಾವತಿ ಸಮೀಪದ ಕುಮ್ಮಟದುರ್ಗದ ಕುಮಾರರಾಮ ದೆಹಲಿಯ ಸೇನೆಯ ವಿರುದ್ಧ ಕಾದಾಡಿ ಮಡಿದು, ಜನಪದರ ದೈವವೇ ಆದ. ದಂಡನಾಯಕನಿಗೆ ಸ್ವಂತ ಖರ್ಚಿನಲ್ಲಿ ಗುಡಿ ಕಟ್ಟಿಸುವ ಶಕ್ತಿಯಿತ್ತು, ರಾಜಕುಮಾರನಿಗೆ ಹಾಡು ಕಟ್ಟುವವರಿದ್ದರು. ಹೆಸರಿಲ್ಲದ ಕಾಲಾಳಿಗೆ ಸಿಕ್ಕದ್ದು ಊರ ಹೊರಗಿನ ಮೂರು ಪಟ್ಟಿಕೆಯ ವೀರಗಲ್ಲು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಹೊತ್ತೊಯ್ಯುವ ದೃಶ್ಯ, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಲ್ಲು ಸತ್ತವನಿಗೆ, ಭೂಮಿ ಬದುಕಿದವರಿಗೆ. ಹೊಗಳಿಕೆಯನ್ನು ಕಲ್ಲಿನ ಮೇಲೆ ಕೆತ್ತಿದ ನಮ್ಮ ಹಿರಿಯರು ಹೊಗಳಿಕೆಯಿಂದ ಒಲೆ ಉರಿಯುವುದಿಲ್ಲ ಎಂಬುದನ್ನೂ ಬಲ್ಲವರಾಗಿದ್ದರು. ನೆತ್ತರುಗೊಡಗೆ ಎಂಬ ಮಾತಿನಲ್ಲಿ ನೆತ್ತರು ಒಂದು ಪಾಲಾದರೆ ಗೊಡಗೆ ಇನ್ನೊಂದು ಪಾಲು.

ಕಾಗದ ಓದಿದ ದನಿ

ಭೂಮಿ ಕೊಡುವುದು ಅರಸರ ಕೆಲಸ. ಜನಸಾಮಾನ್ಯರ ಕೈಯಲ್ಲಿದ್ದ ಉಪಕಾರಗಳ ಅಳತೆ ಚಿಕ್ಕದು. ಅವುಗಳಲ್ಲಿ ಬಹುಕಾಲ ನಡೆದುಬಂದದ್ದು ಕಾಗದದ ಉಪಕಾರ.

ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸ್‌ಗೆ ಹೋದ ಭಾರತೀಯ ಸಿಪಾಯಿಗಳಲ್ಲಿ ಅಕ್ಷರ ಬಲ್ಲವರು ಕಡಿಮೆ. ಅವರ ಕಾಗದಗಳನ್ನು ಬರೆದುಕೊಟ್ಟವರು ಅಕ್ಷರ ಬಲ್ಲ ಜೊತೆಗಾರರು ಮತ್ತು ಬರವಣಿಗೆಯವರು. ಊರಿನಲ್ಲಿ ಅವನ್ನು ಓದಿ ಹೇಳುವವರೂ ಇನ್ನೊಬ್ಬರೇ. ಗಂಡನ ಮಾತು ಹೆಂಡತಿಯನ್ನು ಮುಟ್ಟಲು ಕನಿಷ್ಠ ಇಬ್ಬರು ಹೊರಗಿನವರ ಬಾಯಿ ಬೇಕಿತ್ತು. ಸ್ವಾತಂತ್ರ್ಯಾನಂತರವೂ ಅನೇಕ ದಶಕಗಳ ಕಾಲ ನಮ್ಮ ಹಳ್ಳಿಗಳಲ್ಲಿ ಇದೇ ಸ್ಥಿತಿ. ಇನ್‌ಲ್ಯಾಂಡ್ ಪತ್ರ ಓದುತ್ತಿದ್ದವರು ಅಂಚೆಯವರು, ಶಾಲೆಯ ಮಾಸ್ತರರು, ಇಲ್ಲವೇ ಏಳನೆಯ ಇಯತ್ತೆಯ ಹುಡುಗರು. ಓದುವವನಿಗೆ ಗಂಡ–ಹೆಂಡತಿಯ ಗುಟ್ಟು, ಸಾಲದ ಮೊತ್ತ, ಅತ್ತೆ–ಸೊಸೆಯರ ಮುನಿಸು ಎಲ್ಲ ತಿಳಿಯುತ್ತಿತ್ತು. ತಿಳಿದದ್ದನ್ನು ಕಟ್ಟೆಯ ಮೇಲೆ ಆಡದಿರುವುದೇ ಆ ಉಪಕಾರದ ಅರ್ಧ ಭಾಗ.

ಸೈನಿಕನ ವಿಳಾಸವೂ ವಿಚಿತ್ರ. ನಂಬರು, ಹುದ್ದೆ, ಹೆಸರು, ಘಟಕ, ಕೊನೆಗೆ ‘56 ಎ.ಪಿ.ಒ.’ ಅಥವಾ ‘99 ಎ.ಪಿ.ಒ.’ ಊರಿನ ಹೆಸರೇ ಇಲ್ಲ. ಘಟಕ ಎಲ್ಲಿದೆಯೆಂಬುದು ಹೊರಗೆ ತಿಳಿಯಬಾರದು ಎಂಬುದೇ ಇದಕ್ಕೆ ಕಾರಣ. ಪತ್ರ ಮೊದಲು ಸೇನೆಯ ಕೇಂದ್ರ ಅಂಚೆ ನೆಲೆಗೆ ಹೋಗಿ, ಅಲ್ಲಿಂದ ಘಟಕವನ್ನು ಹುಡುಕಿಕೊಂಡು ಹೊರಡುತ್ತದೆ. ಈ ಕೆಲಸ ನೋಡುವ ಸೇನಾ ಅಂಚೆ ಸೇವೆ 1972ರ ಮಾರ್ಚ್ 1ರಂದು ಪ್ರತ್ಯೇಕ ದಳವಾಯಿತು. ಅದೇ ವರ್ಷದ ಆಗಸ್ಟ್ 15ರಂದು ದೇಶಕ್ಕೆ ಪಿನ್‌ಕೋಡ್ ಬಂದಾಗ, 9ರಿಂದ ಆರಂಭವಾಗುವ ಸಂಖ್ಯೆಗಳನ್ನು ಸೇನಾ ಅಂಚೆಗೆಂದೇ ಮೀಸಲಿಡಲಾಯಿತು. ಮಗ ಎಲ್ಲಿದ್ದಾನೆಂದು ತಾಯಿಗೆ ಗೊತ್ತಿರಲಿಲ್ಲ, ಕಾಗದಕ್ಕೆ ಗೊತ್ತಿತ್ತು.

ತಂತಿಯ ಕತೆ ಬೇರೆ. ‘ತಾಯಿಗೆ ಸೀರಿಯಸ್, ಕೂಡಲೇ ಹೊರಡು’ ಎಂಬ ನಾಲ್ಕು ಪದ ತಲುಪಿದರೆ ರಜೆಯ ಅರ್ಜಿಗೆ ಬಲ. ಅದಕ್ಕಾಗಿ ತಾರು ಕಚೇರಿಯಿದ್ದ ಊರಿಗೆ ಸೈಕಲ್ ತುಳಿದು ಹೋಗಿ ಬರುತ್ತಿದ್ದವರು ಓಣಿಯ ಹುಡುಗರು. 2013ರ ಜುಲೈನಲ್ಲಿ ದೇಶದಲ್ಲಿ ತಂತಿ ಸೇವೆಯೇ ನಿಂತಿತು. ಈಗ ಮೊಬೈಲು ಎಲ್ಲರ ಕೈಯಲ್ಲಿದೆ. ಕಾಗದ ಓದುವ ಮೂರನೆಯವರು ಬೇಕಿಲ್ಲ. ಹಾಗೆಂದು ಉಪಕಾರದ ಅಗತ್ಯ ಮುಗಿದಿಲ್ಲ, ಜಾಗ ಬದಲಿಸಿದೆ. ಮಾಜಿ ಸೈನಿಕರ ಪಿಂಚಣಿ ಈಗ ‘ಸ್ಪರ್ಶ್’ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಸೇರಿದೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಸಲ್ಲಿಸಬೇಕು. ಬೆರಳಚ್ಚು ಸವೆದ ಮುದುಕಿಯನ್ನು ಸೇವಾ ಕೇಂದ್ರಕ್ಕೆ ಕರೆದೊಯ್ದು, ಯಂತ್ರ ಗುರುತು ಹಿಡಿಯುವವರೆಗೆ ತಾಳ್ಮೆಯಿಂದ ಕೂರುವ ಹುಡುಗ ಹಿಂದಿನ ಅಂಚೆಯವನ ಜಾಗದಲ್ಲಿದ್ದಾನೆ.

ರಜೆ ಮುಗಿಸಿ ಹೊರಟವನ ಟ್ರಂಕಿಗೆ ಸೇರುವ ಬುತ್ತಿಯನ್ನೂ ಇಲ್ಲಿ ನೆನೆಯಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಬಹುದಿನ ಕೆಡದ ತಿನಿಸುಗಳು. ಇವನ್ನು ಕಟ್ಟಿಕೊಡುವವಳು ಹೆತ್ತ ತಾಯಿ ಮಾತ್ರವಲ್ಲ. ನೆರೆಮನೆಯ ಅಕ್ಕ, ಎದುರು ಮನೆಯ ಆಯಿ ಕೂಡ ಒಂದೊಂದು ಗಂಟು ತಂದಿಡುತ್ತಾರೆ. ದೂರದಲ್ಲಿರುವ ಸಿಪಾಯಿಗೆ ತನ್ನ ನಾಲಿಗೆಯ ರುಚಿ ಎಷ್ಟು ಮುಖ್ಯ ಎಂಬುದನ್ನು ಬ್ರಿಟಿಷರೂ ಅರಿತಿದ್ದರು. 1914ರ ಕ್ರಿಸ್‌ಮಸ್‌ಗೆ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಸೈನಿಕರಿಗೆ ಹಿತ್ತಾಳೆಯ ಪೆಟ್ಟಿಗೆಗಳನ್ನು ಹಂಚಿದಾಗ ಎಲ್ಲರಿಗೂ ಒಂದೇ ಬಗೆ ಇರಲಿಲ್ಲ. ಇಂಗ್ಲಿಷ್ ಸಿಪಾಯಿಗೆ ತಂಬಾಕು, ಸಿಗರೇಟು. ತಂಬಾಕು ಮುಟ್ಟದ ಸಿಖ್ಖರಿಗೆ ಕಲ್ಲುಸಕ್ಕರೆ ಮತ್ತು ಮಸಾಲೆಯ ಡಬ್ಬಿ. ಕೊಡುವ ವಸ್ತು ಚಿಕ್ಕದಿರಬಹುದು, ಅದು ಪಡೆಯುವವನಿಗೆ ಒಪ್ಪುವಂತಿರಬೇಕು ಎಂಬ ವಿವೇಕ ಅದರಲ್ಲಿತ್ತು.

ಬೇರೆಯವರ ಮಕ್ಕಳು

ತನ್ನೂರಿನ ಹುಡುಗನಿಗೆ ಉಪಕಾರ ಮಾಡುವುದು ಸಹಜ. ಗುರುತಿಲ್ಲದವನಿಗೆ ಮಾಡುವುದು ಹೇಗೆ ಶುರುವಾಗುತ್ತದೆ ಎಂಬುದಕ್ಕೆ ಅಮೆರಿಕದ ನೆಬ್ರಾಸ್ಕಾ ರಾಜ್ಯದ ನಾರ್ತ್ ಪ್ಲಾಟ್ ಎಂಬ ಪಟ್ಟಣದ ನಿದರ್ಶನವಿದೆ. ಎರಡನೇ ಮಹಾಯುದ್ಧದ ಕಾಲ. ಸುಮಾರು 12 ಸಾವಿರ ಜನರಿದ್ದ ಆ ರೈಲು ಜಂಕ್ಷನ್ ಊರಿಗೆ 1941ರ ಡಿಸೆಂಬರ್ 17ರಂದು ತಮ್ಮ ರಾಜ್ಯದ ‘ಡಿ’ ತುಕಡಿಯ ಹುಡುಗರನ್ನು ಹೊತ್ತ ರೈಲು ಬರುತ್ತದೆಂದು ಸುದ್ದಿ ಹಬ್ಬಿತು. ಜನ ತಿಂಡಿ, ಹಣ್ಣು, ಉಡುಗೊರೆ ಹಿಡಿದು ನಿಲ್ದಾಣಕ್ಕೆ ಬಂದರು. ರೈಲು ಬಂತು. ಅದರಲ್ಲಿದ್ದುದು ಕಾನ್ಸಾಸ್ ರಾಜ್ಯದ ‘ಡಿ’ ತುಕಡಿ! ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಬಳಿಕ, ತಮ್ಮ ಮಕ್ಕಳಿಗೆಂದು ತಂದದ್ದನ್ನು ಆ ಅಪರಿಚಿತರ ಕೈಗೇ ಕೊಟ್ಟರು.

ಅಲ್ಲಿದ್ದ ರೇ ವಿಲ್ಸನ್ ಎಂಬ ತರುಣಿ ಸ್ಥಳೀಯ ಪತ್ರಿಕೆಗೆ ಕಾಗದ ಬರೆದು, ಬರುವ ಎಲ್ಲ ಸೇನಾ ರೈಲುಗಳಿಗೂ ಹೀಗೇ ಏಕೆ ಮಾಡಬಾರದೆಂದು ಕೇಳಿದಳು. ಆ ವರ್ಷದ ಕ್ರಿಸ್‌ಮಸ್ ದಿನ ಆರಂಭವಾದ ಅಲ್ಲಿಯ ಕ್ಯಾಂಟೀನು 1946ರ ಏಪ್ರಿಲ್ 1ರವರೆಗೆ ನಡೆಯಿತು. ರೈಲು ನಿಲ್ಲುತ್ತಿದ್ದುದು ಹತ್ತು–ಹದಿನೈದು ನಿಮಿಷ. ಅಷ್ಟರಲ್ಲೇ ಕಾಫಿ, ರೊಟ್ಟಿ, ಹುಟ್ಟುಹಬ್ಬ ಇದ್ದವರಿಗೆ ಕೇಕು. ಸುತ್ತಲಿನ ಸುಮಾರು 125 ಊರುಗಳ ಜನ ಸರದಿಯ ಮೇಲೆ ತಂದುಣಿಸಿದರು. ಹೀಗೆ ಉಂಡು ಹೋದ ಸೈನಿಕರ ಸಂಖ್ಯೆ ಸುಮಾರು 60 ಲಕ್ಷ. ಅದು ನೆಬ್ರಾಸ್ಕಾದವರ ಮುಯ್ಯಾಳು ಎನ್ನಬಹುದು. ತಮ್ಮ ಮಗನಿಗೆ ಇನ್ನೆಲ್ಲೋ ಇನ್ಯಾರೋ ಒಂದು ಲೋಟ ಕಾಫಿ ಕೊಟ್ಟಾರು ಎಂಬ ನಂಬಿಕೆಯೇ ಅದರ ಬಂಡವಾಳ.

ನಮ್ಮಲ್ಲೂ ಇಂಥವು ನಡೆದಿವೆ. 1962ರಲ್ಲಿ ಚೀನಾ ಯುದ್ಧವಾದಾಗ ರಾಷ್ಟ್ರೀಯ ರಕ್ಷಣಾ ನಿಧಿ ಆರಂಭವಾಯಿತು. ಹೆಂಗಸರು ಮೈಮೇಲಿನ ಬಂಗಾರ ಬಿಚ್ಚಿಕೊಟ್ಟರು, ಹಿಮದಲ್ಲಿ ನಿಂತವರಿಗೆ ಸ್ವೆಟರ್ ಹೆಣೆದರು. 1965 ಮತ್ತು 1971ರ ಯುದ್ಧಗಳಲ್ಲಿ ಪಂಜಾಬಿನ ಹಳ್ಳಿಗರು ಸೈನಿಕರಿಗೆ ರೊಟ್ಟಿ, ಲಸ್ಸಿ ಹೊತ್ತು ತಂದದ್ದು ಪ್ರಸಿದ್ಧ. ಆ ರೊಟ್ಟಿ ಉಂಡವರಲ್ಲಿ ಕನ್ನಡದ ಹುಡುಗರೂ ಇದ್ದರು.

ಈ ಸುತ್ತುಮುಯ್ಯಿ ಕೊಪ್ಪಳಕ್ಕೂ ಬಂದಿದೆ. 2009ರ ಸೆಪ್ಟೆಂಬರ್–ಅಕ್ಟೋಬರ್‌ನ ನೆರೆಯಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳು ಮುಳುಗಿದಾಗ ಸೇನೆಯ ತುಕಡಿಗಳು ಜನರನ್ನು ದಾಟಿಸಿದವು. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಗಂಗಾವತಿ ತಾಲ್ಲೂಕಿನ ವಿರುಪಾಪುರಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದಾಗ ರಾಷ್ಟ್ರೀಯ ವಿಪತ್ತು ಪಡೆಯ ದೋಣಿಗಳೂ ವಾಯುಪಡೆಯ ಹೆಲಿಕಾಪ್ಟರುಗಳೂ ಬಂದವು. ಹಗ್ಗ ಹಿಡಿದವರು ಯಾವ ರಾಜ್ಯದವರೆಂದು ಆಗ ಯಾರೂ ಕೇಳಲಿಲ್ಲ.

ಕಾನೂನೂ ಮುಯ್ಯಿ ಮಾಡಿದೆ

ಊರವರ ಉಪಕಾರ ಎಲ್ಲ ಕಾಲದಲ್ಲೂ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ಯೋಧ ಊರಲ್ಲಿಲ್ಲ ಎಂಬುದನ್ನೇ ನೆಪ ಮಾಡಿಕೊಂಡು ಬದು ಒತ್ತುವವರು, ದಾರಿ ಮುಚ್ಚುವವರು, ದಾವೆ ಹೂಡುವವರು ಎಲ್ಲ ಊರಲ್ಲೂ ಇರುತ್ತಾರೆ. ಹಿಮದಲ್ಲಿ ನಿಂತವನಿಗೆ ಶತ್ರುವಿಗಿಂತ ಈ ದಾಯಾದಿಯ ಚಿಂತೆ ದೊಡ್ಡದಾದದ್ದುಂಟು. ಸೈನಿಕರ ಆತ್ಮಹತ್ಯೆಗಳ ಬಗ್ಗೆ ರಕ್ಷಣಾ ಸಚಿವಾಲಯ ಸಂಸತ್ತಿಗೆ ನೀಡಿದ ಉತ್ತರಗಳಲ್ಲಿ ಕೌಟುಂಬಿಕ ಹಾಗೂ ಮನೆಯ ಸಮಸ್ಯೆಗಳು ಕಾರಣಗಳ ಪಟ್ಟಿಯಲ್ಲಿ ಕಾಣಿಸಿಕೊಂಡಿವೆ. ನೆರೆಯವರ ಒಂದು ಸಣ್ಣ ಉಪಕಾರ, ಅಥವಾ ಒಂದು ಸಣ್ಣ ಉಪದ್ರವ, ಎಷ್ಟು ದೂರ ಮುಟ್ಟುತ್ತದೆ ಎಂಬುದನ್ನು ಇದರಿಂದ ಊಹಿಸಬಹುದು.

ಇದನ್ನರಿತು ಕಾನೂನು ಮಾಡಿದ ಕೆಲವು ಏರ್ಪಾಡುಗಳಿವೆ. ಹೆಚ್ಚಿನವರಿಗೆ ಇವುಗಳ ಪರಿಚಯವಿಲ್ಲ. 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆಯ ಪ್ರಕಾರ, ಯುದ್ಧ ಅಥವಾ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕ ಕೋರ್ಟಿಗೆ ಹಾಜರಾಗಲು ಆಗದಿದ್ದರೆ ಅವನ ಮೊಕದ್ದಮೆಯನ್ನು ಮುಂದೂಡಬಹುದು. ಸೈನಿಕ ತಾನೇ ಕೇಳಿಕೊಳ್ಳಬೇಕೆಂದಿಲ್ಲ. ತನ್ನ ಜಿಲ್ಲೆಯ ಸೈನಿಕನೊಬ್ಬ ಹಾಜರಾಗಲಾರ ಎಂದು ತಿಳಿದುಬಂದರೆ ಜಿಲ್ಲಾಧಿಕಾರಿಯೇ ಕೋರ್ಟಿಗೆ ಪ್ರಮಾಣಪತ್ರ ಕಳಿಸಬಹುದು. ಆದರೆ ಜಿಲ್ಲಾಧಿಕಾರಿಗೆ ತಿಳಿಸುವವರು ಯಾರು? ಆ ಒಂದು ಅರ್ಜಿಯನ್ನು ಬರೆದು ಕಚೇರಿಗೆ ಮುಟ್ಟಿಸುವ ನೆರೆಯವನಿಲ್ಲದಿದ್ದರೆ ಕಾಯ್ದೆ ಪುಸ್ತಕದಲ್ಲೇ ಉಳಿಯುತ್ತದೆ.

ಎರಡನೆಯದು ಕರ್ನಾಟಕದ್ದೇ. 1961ರ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ತಿದ್ದುಪಡಿಯಾಗಿ ಉಳುವವನೇ ಹೊಲದೊಡೆಯನಾದ. ಭೂಮಿಯನ್ನು ಗೇಣಿಗೆ ಕೊಡುವುದು ನಿಷಿದ್ಧವಾಯಿತು. ಆಗ ಎದ್ದ ಪ್ರಶ್ನೆ: ಸೇನೆಯಲ್ಲಿರುವವನು ತನ್ನ ಹೊಲವನ್ನು ತಾನೇ ಉಳುವುದು ಹೇಗೆ? ಅದಕ್ಕಾಗಿ ಕಾಯ್ದೆ ಸೈನಿಕನಿಗೂ ಕಡಲ ನಾವಿಕನಿಗೂ ವಿನಾಯಿತಿ ಇಟ್ಟಿತು. ಸೇವೆಯಲ್ಲಿದ್ದಾಗ ಭೂಮಿಯನ್ನು ಗೇಣಿಗೆ, ಈ ಕಡೆಯ ಮಾತಿನಲ್ಲಿ ಲಾವಣಿಗೆ, ಕೊಡಬಹುದು. ಸೇವೆ ಮುಗಿಸಿ ಬಂದ ಮೇಲೆ ಸ್ವಂತ ಸಾಗುವಳಿಗಾಗಿ ಅದನ್ನು ಮರಳಿ ಪಡೆಯಲು 15ನೇ ಕಲಮು ಹಕ್ಕು ನೀಡುತ್ತದೆ. ನೆತ್ತರುಗೊಡಗೆಯ ಕಾಲದಲ್ಲಿ ನಾಡು ಯೋಧನಿಗೆ ಭೂಮಿ ಕೊಡುತ್ತಿತ್ತು. ಈ ಕಲಮು ಅವನದ್ದೇ ಭೂಮಿಯನ್ನು ಅವನಿಗಾಗಿ ಕಾದಿಡುತ್ತದೆ.

ಮಾಜಿ ಸೈನಿಕರ ಅಹವಾಲು ಕೇಳಲು 1919ರಲ್ಲೇ ಸೈನಿಕರ ಮಂಡಳಿ ಹುಟ್ಟಿತ್ತು. ಅದೇ ಇಂದಿನ ಕೇಂದ್ರೀಯ ಸೈನಿಕ ಮಂಡಳಿ. ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಈ ಕೆಲಸ ನೋಡಿಕೊಳ್ಳುತ್ತದೆ. 2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿನ, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ‘ವೀರ ಪರಿವಾರ ಸಹಾಯತಾ’ ಎಂಬ ಯೋಜನೆಗೆ ಶ್ರೀನಗರದಲ್ಲಿ ಚಾಲನೆ ನೀಡಿತು. ಸೈನಿಕರ ಮನೆಯ ವ್ಯಾಜ್ಯಗಳಿಗೆ ಉಚಿತ ಕಾನೂನು ನೆರವು ಕೊಡುವುದು ಅದರ ಗುರಿ. ನೀವು ಗಡಿ ನೋಡಿಕೊಳ್ಳಿ, ಮನೆ ನಾವು ನೋಡಿಕೊಳ್ಳುತ್ತೇವೆ ಎಂಬುದೇ ಅದರ ತಿರುಳು. ಒಳ್ಳೆಯ ನೆರೆಯವರು ಬಾಯಿಬಿಟ್ಟು ಹೇಳದೆ ಮಾಡುತ್ತಿದ್ದುದೂ ಇದನ್ನೇ.

ಹಿಮ ಕವಿಯುವ ಮೊದಲು

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಸಿಕ್ಕಿಕೊಂಡದ್ದು ಓದುಗರಿಗೆ ನೆನಪಿರಬಹುದು. ಅವರಲ್ಲಿ ಮೂವರು ಕರ್ನಾಟಕದವರು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ ಹಿಮದಡಿಯಲ್ಲಿ ಜೀವಂತ ಸಿಕ್ಕರು. ದೇಶವೇ ಪ್ರಾರ್ಥಿಸಿತು. ದೂರದ ಊರುಗಳವರು ತಮ್ಮ ಅಂಗಾಂಗ ಕೊಡಲು ಮುಂದೆ ಬಂದರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದಾಗ ಹುಬ್ಬಳ್ಳಿಯಲ್ಲಿ ದರ್ಶನಕ್ಕೆ ಜನ ಕಿಕ್ಕಿರಿದರು. ಅವರ 13 ವರ್ಷಗಳ ಸೇವೆಯಲ್ಲಿ 10 ವರ್ಷ ಕಠಿಣ ಪ್ರದೇಶಗಳಲ್ಲೇ ಕಳೆದಿತ್ತೆಂದು ಸೇನೆ ತಿಳಿಸಿತ್ತು.

ಆ ಪ್ರಾರ್ಥನೆ ಸುಳ್ಳಲ್ಲ. ಜನರ ಕಣ್ಣೀರೂ ಸುಳ್ಳಲ್ಲ. ಆದರೆ ಇಂಥ ಪ್ರತಿಯೊಬ್ಬನ ಹಿಂದೆಯೂ ಯಾರೂ ನೋಡದ ಹತ್ತಾರು ವರ್ಷಗಳಿರುತ್ತವೆ. ಮೆರವಣಿಗೆ, ಪಟಾಕಿ, ಫ್ಲೆಕ್ಸ್ ಮತ್ತು ಮೊಬೈಲಿನ ಸಂದೇಶಗಳಿಗೆ ಆ ವರ್ಷಗಳಲ್ಲಿ ಕೆಲಸವಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ನಾಡಕಚೇರಿಯಲ್ಲಿ ಪಹಣಿಯ ತಪ್ಪು ತಿದ್ದಿಸಲು ನಿಂತವರು, ಹದ್ದುಬಸ್ತಿನ ದಿನ ‘ಅವ ಇಲ್ಲ, ಬಂದ ಮ್ಯಾಲ ಅಳೀರಿ’ ಎಂದು ಹೇಳಬಲ್ಲ ಹಿರಿಯರು, ರಜೆಯ ಕೊನೆಯ ದಿನ ಬಂದವನ ಫೈಲನ್ನು ನಾಳೆಗೆ ತಳ್ಳದ ಗುಮಾಸ್ತರು. ರಿಸರ್ವೇಶನ್ ಸಿಗದೆ ರೈಲಿನ ಬಾಗಿಲ ಬಳಿ ಟ್ರಂಕಿನ ಮೇಲೆ ಕುಳಿತವನಿಗೆ ‘ಬಾ ತಮ್ಮಾ, ಇಲ್ಲಿ ಕುಂದ್ರು’ ಎಂದು ಸರಿದು ಜಾಗ ಕೊಟ್ಟವರೂ ಈ ಸಾಲಿನವರೇ.

ಮುಂದಿನ ದಿನಗಳಲ್ಲಿ ಈ ಲೆಕ್ಕ ಇನ್ನಷ್ಟು ತೊಡಕಾಗಲಿದೆ. ಸಿಪಾಯಿಯಾಗಿ ಸೇರಿದವರಲ್ಲಿ ಬಹಳಷ್ಟು ಮಂದಿ ನಲವತ್ತರ ಒಳಗೇ ನಿವೃತ್ತರಾಗಿ, ಮುಂದೆ ಇನ್ನೊಂದು ಬದುಕು ಕಟ್ಟಬೇಕಾಗುತ್ತಿತ್ತು. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇವಾವಧಿ ನಾಲ್ಕೇ ವರ್ಷ. ಆ ಬಳಿಕ ಶೇ 25ರವರೆಗಿನ ಮಂದಿಯನ್ನು ಮಾತ್ರ ಉಳಿಸಿಕೊಳ್ಳುವುದಾಗಿ ಆಗ ಪ್ರಕಟಿಸಲಾಯಿತು. ಉಳಿದವರು ಇಪ್ಪತ್ತರ ಹರೆಯದಲ್ಲೇ ಊರಿಗೆ ಮರಳುತ್ತಾರೆ. ಅವರಿಗೆ ಬೇಕಾಗುವುದು ಹಾರ ತುರಾಯಿಗಿಂತ ಒಂದು ಕೆಲಸ, ಒಂದು ಜಾಮೀನು ಸಹಿ, ಅಂಗಡಿ ತೆರೆಯಲು ಪೇಟೆಯಲ್ಲೊಂದು ಮಳಿಗೆ.

ಜೋಳವಾಳಿಯ ಕಾಲದಲ್ಲಿ ಯೋಧ ತಾನು ಉಂಡ ಜೋಳಕ್ಕೆ ಪ್ರಾಣದಿಂದ ಬೆಲೆ ತೆತ್ತ. ಈಗ ಆತನ ಹೊಲದ ಜೋಳ ತೆನೆಗಟ್ಟಿದಾಗ ಹಕ್ಕಿ ಹೊಡೆಯಲು, ಕಾಲಕ್ಕೆ ಸರಿಯಾಗಿ ಕೊಯ್ದು ರಾಶಿ ಮಾಡಲು ಆತ ಊರಲ್ಲಿರುವುದಿಲ್ಲ. ಆ ರಾಶಿ ಮಳೆಗೆ ಸಿಗದಂತೆ ಮನೆ ಸೇರಿಸುವ ನಾಲ್ಕು ಜೊತೆ ಕೈಗಳು ಎಲ್ಲಿಯವರೆಗೆ ಊರಲ್ಲಿರುತ್ತವೆಯೋ ಅಲ್ಲಿಯವರೆಗೆ, ಮುಂದಿನ ವರ್ಷ ಆ ಮನೆಯಿಂದ ಇನ್ನೊಬ್ಬ ಹುಡುಗ ಬೆಳಗಾವಿಯ ರ‍್ಯಾಲಿಗೆ ಹೊರಟಾಗ ತಾಯಿ ಬೇಡ ಎನ್ನುವುದಿಲ್ಲ.